ಆಖೈರು ಶಿಲ್ಕು

ತಾಲ್ಲೂಕು ಖಜಾನೆಯಲ್ಲಿ ಮೂವತ್ತನಾಲ್ಕು ವರ್ಷ ಲೆಕ್ಕ ಬರೆದವನು ನಾನು. ಹಾಗೆ ಬರೆದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಎದುರಿಗೆ ಬಂದ ಮನುಷ್ಯರನ್ನೆಲ್ಲ ಎರಡು ಕಲಮಿನಲ್ಲಿ ಬರೆದು ನೋಡುವುದು: ಒಂದು ಕಡೆ ಜಮೆ, ಇನ್ನೊಂದು ಕಡೆ ಖರ್ಚು, ಕೆಳಗೆ ಗೆರೆ ಎಳೆದು ಶಿಲ್ಕು. ನೆಂಟರು, ಇಷ್ಟರು, ಮೇಲಧಿಕಾರಿಗಳು, ಮಂತ್ರಿಗಳು, ಯಾರನ್ನೂ ನಾನು ಬಿಟ್ಟವನಲ್ಲ. ನಿವೃತ್ತನಾದ ಮೇಲೆ ಈ ಚಾಳಿ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. "ಯಮಧರ್ಮರಾಯನ ಕಚೇರಿಯಲ್ಲಿ ಚಿತ್ರಗುಪ್ತನ ಜಾಗ ಖಾಲಿಯಾದರೆ ನಿಮಗೇ ಸಿಗುತ್ತೆ, ಈಗಲೇ ಒಂದು ಅರ್ಜಿ ಹಾಕಿಡಿ" ಎಂದು ನನ್ನಾಕೆ ಹೇಳುವುದುಂಟು.

ಆದರೆ ಎಷ್ಟು ಸಲ ಕೂಡಿ ಕಳೆದರೂ ತಾಳೆಯಾಗದ ಎರಡು ಖಾತೆಗಳು ನನ್ನ ಬಳಿ ಉಳಿದುಕೊಂಡಿದ್ದವು. ಒಂದು ನಮ್ಮ ಅಣ್ಣನದು. ಇನ್ನೊಂದು ಅಮೆರಿಕದ ಸೆನೆಟರು ಎಡ್ವರ್ಡ್ ಕೆನೆಡಿಯದು. ಮೈಸೂರಿನ ಗುಮಾಸ್ತನೊಬ್ಬನಿಗೆ ಅಮೆರಿಕದ ಸೆನೆಟರ ಲೆಕ್ಕ ಯಾತಕ್ಕೆ ಎಂದು ನೀವು ಕೇಳಬಹುದು. ಕಾರಣವಿದೆ, ಹೇಳುತ್ತೇನೆ.

1962ರಲ್ಲಿ ಚೀನಾ ನಮ್ಮ ಮೇಲೆ ಬಿದ್ದಾಗ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿ ಆಯುಧ ಕಳಿಸಿದನೆಂದು ಊರೆಲ್ಲ ಆತನ ಹೆಸರು. ನಮ್ಮಣ್ಣ ಯಾವುದೋ ವಾರಪತ್ರಿಕೆಯಿಂದ ಆತನ ಚಿತ್ರವನ್ನು ಕತ್ತರಿಸಿ, ಮೈದಾಹಿಟ್ಟಿನ ಅಂಟು ಮಾಡಿ, ನಮ್ಮ ಓದುವ ಕೋಣೆಯ ಬಾಗಿಲಿನ ಹಿಂದೆ ಅಂಟಿಸಿದ್ದ. ಮರುವರ್ಷ ನವೆಂಬರಿನ ಒಂದು ಬೆಳಗ್ಗೆ ಪಕ್ಕದ ಮನೆಯ ರೇಡಿಯೋದಲ್ಲಿ ಆತನನ್ನು ಗುಂಡಿಟ್ಟು ಕೊಂದರೆಂಬ ಸುದ್ದಿ ಬಂತು. ನಮ್ಮ ತಾಯಿ ಒಲೆಯ ಮುಂದಿನಿಂದ ಎದ್ದುಬಂದು ಕೇಳಿದ ಮೊದಲ ಮಾತು, "ಆ ತಾಯಿ ಇದ್ದಾಳೆಯೆ?" ಎಂದು. ಇದ್ದಾಳೆ, ಒಂಬತ್ತು ಮಕ್ಕಳನ್ನು ಹೆತ್ತವಳು, ನಾಲ್ವರು ಗಂಡುಮಕ್ಕಳಲ್ಲಿ ಹಿರಿಯವನು ಹಿಂದೆಯೇ, 1944ರಲ್ಲಿ, ಯುದ್ಧದಲ್ಲಿ ಹೋದ, ಇವನು ಎರಡನೆಯವನು ಎಂದು ಅಣ್ಣ ವಿವರಿಸಿದ. ನಮ್ಮಮ್ಮ ಅಂದಿನಿಂದ ರೋಸ್ ಕೆನೆಡಿಯನ್ನು ದೂರದ ಸಂಬಂಧಿಕಳಂತೆ ವಿಚಾರಿಸತೊಡಗಿದಳು. 1968ರ ಜೂನಿನಲ್ಲಿ ಮೂರನೆಯ ಮಗ ರಾಬರ್ಟನನ್ನೂ ಗುಂಡಿಟ್ಟು ಕೊಂದ ದಿನ ಅವಳು ಮಧ್ಯಾಹ್ನದ ಊಟ ಬಿಟ್ಟಿದ್ದು ನನಗೆ ನೆನಪಿದೆ. "ಇನ್ನು ಉಳಿದವನು ಆ ಕೊನೆಯವನೊಬ್ಬನೇ. ಅವನಾದರೂ ಮನೇಲಿ ಇರಬಾರದೆ?" ಎಂದಳು.

ಆ ಕೊನೆಯವನೇ ಎಡ್ವರ್ಡ್. ಬಾಸ್ಟನ್ನಿನಲ್ಲಿ 1932ರ ಫೆಬ್ರವರಿ 22ರಂದು ಹುಟ್ಟಿದ ಒಂಬತ್ತನೆಯ ಕೂಸು. ನಮ್ಮ ಕಡೆಯ ದೊಡ್ಡ ಮನೆತನಗಳ ಕಡೆಹುಟ್ಟಿದವರನ್ನು ಕಂಡವರಿಗೆ ಆತನ ಬಾಲ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆ ಕೋಟ್ಯಧೀಶ, ಇಂಗ್ಲೆಂಡಿಗೆ ರಾಯಭಾರಿಯಾಗಿದ್ದವನು. ಅಣ್ಣಂದಿರು ಒಬ್ಬರಿಗಿಂತ ಒಬ್ಬರು ಚುರುಕು. ಇವನು ದಪ್ಪಗೆ, ನಗುನಗುತ್ತ, ಎಲ್ಲರ ಮುದ್ದಿನವನಾಗಿ ಬೆಳೆದ. ಹಾರ್ವರ್ಡಿಗೆ ಸೇರಿದ ಮೇಲೆ 1951ರಲ್ಲಿ ಸ್ಪ್ಯಾನಿಷ್ ಪರೀಕ್ಷೆಗೆ ತನ್ನ ಬದಲು ಗೆಳೆಯನನ್ನು ಕೂರಿಸಿ ಸಿಕ್ಕಿಬಿದ್ದ. ಕಾಲೇಜಿನಿಂದ ಹೊರಕ್ಕೆ ಹಾಕಿದರು. ಎರಡು ವರ್ಷ ಸೈನ್ಯದಲ್ಲಿದ್ದು, ಮತ್ತೆ ಅದೇ ಕಾಲೇಜಿಗೆ ಹೋಗಿ 1956ರಲ್ಲಿ ಪದವಿ ಪಡೆದ. ನನ್ನ ಪುಸ್ತಕದಲ್ಲಿ ಆತನ ಹೆಸರಿನ ಮೊದಲ ನಮೂದು ಇದೇ, ಖರ್ಚಿನ ಕಡೆಗೆ.

ಎರಡನೆಯದೂ ಅಂಥದ್ದೇ. ಅಣ್ಣ ಅಧ್ಯಕ್ಷನಾದಾಗ ತೆರವಾದ ಸೆನೆಟಿನ ಜಾಗಕ್ಕೆ, ಅಮೆರಿಕದ ಸಂವಿಧಾನ ಕೇಳುವ ಮೂವತ್ತು ವರ್ಷ ತುಂಬುತ್ತಲೇ, 1962ರಲ್ಲಿ ಈತ ನಿಂತ. ಪಕ್ಷದೊಳಗಿನ ಪ್ರತಿಸ್ಪರ್ಧಿ ಸಭೆಯಲ್ಲಿ ಎದುರೆದುರೇ ಹೇಳಿದ: ನಿನ್ನ ಹೆಸರಿನ ಕೊನೆಯಲ್ಲಿ ಕೆನೆಡಿ ಎಂಬುದು ಇಲ್ಲದೆ ಬರೇ ಎಡ್ವರ್ಡ್ ಮೂರ್ ಎಂದಿದ್ದಿದ್ದರೆ ನಿನ್ನ ಉಮೇದುವಾರಿಕೆ ನಗೆಪಾಟಲಾಗುತ್ತಿತ್ತು, ಎಂದು. ಅದು ನಿಜವೇ. ಆದರೂ ಜನ ಆತನನ್ನೇ ಆರಿಸಿದರು. ಮಗನಿಗೆ, ತಮ್ಮನಿಗೆ, ಸೋದರಳಿಯನಿಗೆ ಟಿಕೆಟ್ಟು ಕೊಡುವ ಪದ್ಧತಿ ನಮ್ಮಲ್ಲಿ ಮಾತ್ರ ಉಂಟೆಂದು ಕೊರಗುವವರು ಇದನ್ನು ನೆನೆದು ಸಮಾಧಾನ ಪಡಬಹುದು.

ಇಷ್ಟರಿಂದ ಆರಂಭವಾದವನು ಮುಂದೆ ಸುಮಾರು 47 ವರ್ಷ ಅದೇ ಕುರ್ಚಿಯಲ್ಲಿ ಕೂತ. 1963ರ ಆ ನವೆಂಬರ್ 22ರಂದು ಸೆನೆಟಿನ ಅಧ್ಯಕ್ಷ ಪೀಠದಲ್ಲಿ ಕುಳಿತು ಸಭೆ ನಡೆಸುತ್ತಿದ್ದವನು ಈತನೇ. ಅಲ್ಲಿಗೇ ಬಂದು ಯಾರೋ ಅಣ್ಣನ ಸುದ್ದಿ ಹೇಳಿದರು. ಏಳು ತಿಂಗಳು ಕಳೆದು, 1964ರ ಜೂನ್ 19ರಂದು, ಕರಿಯರಿಗೆ ಸಮಾನ ಹಕ್ಕು ಕೊಡುವ ಕಾನೂನಿಗೆ ಮತ ಹಾಕಿ ಆತ ತನ್ನ ಸಂಸ್ಥಾನಕ್ಕೆ ವಿಮಾನ ಹತ್ತಿದ. ಆ ಪುಟ್ಟ ವಿಮಾನ ಒಂದು ತೋಟದಲ್ಲಿ ಬಿತ್ತು. ವಿಮಾನ ನಡೆಸುತ್ತಿದ್ದವನೂ ಆತನ ಸಹಾಯಕನೂ ಸತ್ತರು. ಜೊತೆಗಿದ್ದ ಇನ್ನೊಬ್ಬ ಸೆನೆಟರು ಬರ್ಚ್ ಬೈ ಈತನನ್ನು ಎಳೆದು ಹೊರಕ್ಕೆ ಹಾಕಿದ. ಬೆನ್ನುಮೂಳೆ ಮುರಿದು ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆ. ಆ ಬೆನ್ನಿನ ನೋವು ಕೊನೆಯವರೆಗೂ ಬಿಡಲಿಲ್ಲ.

ಹಾಸಿಗೆಯಿಂದ ಎದ್ದುಬಂದು ಮರುವರ್ಷ ಆತ ಮಾಡಿದ ಕೆಲಸದಿಂದಲೇ ನಮ್ಮ ಮನೆಗೂ ಆತನಿಗೂ ನಂಟು ಬಿದ್ದದ್ದು. ಅಮೆರಿಕದ ಬಾಗಿಲು ನಮ್ಮವರಿಗೆ ಆಗ ಮುಚ್ಚಿದಂತೆಯೇ ಇತ್ತು. 1917ರ ಒಂದು ಕಾನೂನು ಏಷ್ಯದ ಬಹುಭಾಗದವರನ್ನು ಹೊಸ್ತಿಲಿನಲ್ಲೇ ತಡೆಯಿತು. 1924ರದು ಯಾವ ದೇಶದವರು ಎಷ್ಟು ಜನ ಬರಬಹುದೆಂದು ಯೂರೋಪಿನ ಕಡೆಗೆ ತಕ್ಕಡಿ ವಾಲಿಸಿ ಲೆಕ್ಕ ಹಾಕಿತು. 1946ರಲ್ಲಿ ದೊಡ್ಡ ಮನಸ್ಸು ಮಾಡಿ ಭಾರತಕ್ಕೆ ಕೊಟ್ಟ ಪಾಲು ವರ್ಷಕ್ಕೆ 100 ಜನ. ನಮ್ಮ ಅಗ್ರಹಾರದ ಒಂದು ಮದುವೆಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ! 1965ರಲ್ಲಿ ಈ ದೇಶವಾರು ತಕ್ಕಡಿಯನ್ನು ಕಿತ್ತುಹಾಕುವ ಮಸೂದೆ ಬಂತು. ಅದಕ್ಕೆ ಹೆಸರು ಬಂದದ್ದು ಹಾರ್ಟ್, ಸೆಲ್ಲರ್ ಎಂಬ ಬೇರೆ ಇಬ್ಬರದು. ಸೆನೆಟಿನಲ್ಲಿ ಅದರ ವಿಚಾರಣೆ ನಡೆಸಿ, ವಾದಿಸಿ, ಪಾಸು ಮಾಡಿಸಿದವನು ಮೂವತ್ತಮೂರು ವರ್ಷದ ಈ ಹುಡುಗ ಸೆನೆಟರು. ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯದೇವಿಯ ವಿಗ್ರಹದ ಬುಡದಲ್ಲಿ ಕೂತು ಅದಕ್ಕೆ ಸಹಿ ಹಾಕಿದ. ಒಂದು ದೇಶಕ್ಕೆ ವರ್ಷಕ್ಕೆ 20,000ದವರೆಗೆ ಅವಕಾಶ. ಕಸಬು ಕಲಿತವರಿಗೆ, ನೆಂಟರಿದ್ದವರಿಗೆ ಆದ್ಯತೆ.

ತಮಾಷೆಯೆಂದರೆ, ಈ ಕಾನೂನಿನಿಂದ ದೇಶದ ಜನರ ಮಿಶ್ರಣ ಏನೂ ಕದಲುವುದಿಲ್ಲ ಎಂದು ಆತ ಆಗ ಸಭೆಗೆ ಭರವಸೆ ಕೊಟ್ಟಿದ್ದ. ಆತನೂ ನಂಬಿದ್ದನೆಂದು ತೋರುತ್ತದೆ. ಈಗ ಅಮೆರಿಕದ ಯಾವ ಪಟ್ಟಣಕ್ಕೆ ಹೋದರೂ ಒಗ್ಗರಣೆಯ ವಾಸನೆ ಬರುತ್ತದೆ. ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ಕನ್ನಡ ಕೂಟಗಳಿವೆ. ಬೀಜ ಹಾಕಿದವನಿಗೇ ಮರದ ಅಳತೆ ತಿಳಿಯಲಿಲ್ಲ.

ಆ ತೆರೆದ ಬಾಗಿಲಿನಿಂದ ಒಳಕ್ಕೆ ಹೋದವರಲ್ಲಿ ಇಂಜಿನಿಯರಿಂಗ್ ಪಾಸು ಮಾಡಿ ನಾಲ್ಕು ವರ್ಷ ಸರಿಯಾದ ಕೆಲಸವಿಲ್ಲದೆ ಅಲೆದ ನಮ್ಮಣ್ಣ ಒಬ್ಬ. 1971ರ ಆಗಸ್ಟಿನಲ್ಲಿ ಬೊಂಬಾಯಿಯಿಂದ ಅವನ ವಿಮಾನ. ಅದೇ ಆಗಸ್ಟಿನಲ್ಲಿ ಕೆನೆಡಿ ಈ ಕಡೆಗೆ ಬಂದ. ಪೂರ್ವ ಪಾಕಿಸ್ತಾನದಿಂದ ಪ್ರಾಣ ಉಳಿಸಿಕೊಂಡು ಜನ ನದಿಯ ಹಾಗೆ ಹರಿದುಬರುತ್ತಿದ್ದ ಕಾಲ. ವರ್ಷದ ಕೊನೆಯ ಹೊತ್ತಿಗೆ ಸುಮಾರು ಒಂದು ಕೋಟಿ. ಅಮೆರಿಕದ ಸರಕಾರ ಯಾಹ್ಯಾಖಾನನ ಬೆನ್ನಿಗಿತ್ತು. ಪಾಕಿಸ್ತಾನ ಈತನಿಗೆ ಢಾಕಾಕ್ಕೆ ಬರಲು ಬಿಡಲಿಲ್ಲ. ಬಂಗಾಳದ ಮಳೆಗಾಲದ ಕೆಸರಿನಲ್ಲಿ ಶಿಬಿರದಿಂದ ಶಿಬಿರಕ್ಕೆ ನಡೆದು, ಕಂಡದ್ದನ್ನು ನವೆಂಬರಿನಲ್ಲಿ ವರದಿ ಮಾಡಿ, ತನ್ನ ದೇಶದ ಸರಕಾರದ ಮೇಜಿನ ಮೇಲೇ ಇಟ್ಟ. 1972ರ ಫೆಬ್ರವರಿಯಲ್ಲಿ, ಬಾಂಗ್ಲಾದೇಶ ಹುಟ್ಟಿದ ಎರಡು ತಿಂಗಳಿಗೆ, ಢಾಕಾ ವಿಶ್ವವಿದ್ಯಾನಿಲಯಕ್ಕೆ ಹೋದ. ಅಲ್ಲಿ ವಿದ್ಯಾರ್ಥಿಗಳು ಸಭೆ ಸೇರುತ್ತಿದ್ದ ಹಳೆಯ ಆಲದ ಮರವನ್ನು ಪಾಕಿಸ್ತಾನದ ಸೈನ್ಯ ಬುಡಸಹಿತ ಕಿತ್ತಿತ್ತು. ಅದೇ ಜಾಗದಲ್ಲಿ ಆತ ಒಂದು ಆಲದ ಸಸಿ ನೆಟ್ಟ. ಅದು ಬೆಳೆದು ದೊಡ್ಡ ಮರವಾಯಿತು.

ಇದೆಲ್ಲ ಜಮೆಯ ಕಡೆಗೆ. ಆದರೆ ಇಷ್ಟು ಹೊತ್ತಿಗೆ ಖರ್ಚಿನ ಕಡೆ ಒಂದು ದೊಡ್ಡ ಮೊತ್ತ ಬಿದ್ದಾಗಿತ್ತು.

1969ರ ಜುಲೈ 18ರ ರಾತ್ರಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಎರಡು ದಿನ ಮೊದಲು. ಮ್ಯಾಸಚೂಸೆಟ್ಸಿನ ಕಡಲಾಚೆಯ ಚಾಪಕ್ವಿಡಿಕ್ ಎಂಬ ಪುಟ್ಟ ದ್ವೀಪದಲ್ಲಿ, ತೀರಿಹೋದ ರಾಬರ್ಟನ ಚುನಾವಣೆಗೆ ದುಡಿದಿದ್ದ ಹೆಣ್ಣುಮಕ್ಕಳಿಗಾಗಿ ಒಂದು ಔತಣ. ಅಲ್ಲಿಂದ ಕೆನೆಡಿ ಅವರಲ್ಲೊಬ್ಬಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಮೇರಿ ಜೋ ಕೊಪೆಕ್ನಿ ಅವಳ ಹೆಸರು, ವಯಸ್ಸು 28. ಕಟಕಟೆಯಿಲ್ಲದ ಮರದ ಸೇತುವೆಯಿಂದ ಕಾರು ನೀರಿಗೆ ಬಿತ್ತು. ಈತ ಹೊರಕ್ಕೆ ಬಂದ. ಅವಳು ಬರಲಿಲ್ಲ. ಆತ ಪೋಲೀಸರಿಗೆ ಹೇಳಿದ್ದು ಮರುದಿನ ಬೆಳಗ್ಗೆ, ಸುಮಾರು ಹತ್ತು ಗಂಟೆ ಕಳೆದ ಮೇಲೆ. ಅಪಘಾತದ ಸ್ಥಳ ಬಿಟ್ಟು ಹೋದದ್ದಕ್ಕೆ ತಪ್ಪೊಪ್ಪಿಕೊಂಡ. ಎರಡು ತಿಂಗಳ ಸಜೆ, ಅದೂ ಅಮಾನತ್ತಿನಲ್ಲಿ. ಕೂಡಲೇ ತಿಳಿಸದೆ ಹೋದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದು ಟೆಲಿವಿಷನ್ನಿನಲ್ಲಿ ತಾನೇ ಹೇಳಿದ. ಬಡವನ ಮಗನಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೆ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ.

ಈ ಸುದ್ದಿ ಓದಿದ ದಿನ ನಾನು ಆತನ ಖಾತೆಯನ್ನು ಮುಚ್ಚಿಬಿಟ್ಟೆ. ಮುಂದೆ ಆತ ಏನು ಮಾಡಿದರೂ ನನಗೆ ಆ ಹತ್ತು ಗಂಟೆಗಳೇ ಕಾಣುತ್ತಿದ್ದವು.

ಈಗ ಅಣ್ಣನ ಖಾತೆ. 1974ರಲ್ಲಿ ನಮ್ಮ ತಂದೆ ಹಾಸಿಗೆ ಹಿಡಿದರು. ಸೋಮವಾರ ನಾನು ತಂತಿ ಕೊಟ್ಟೆ: ಅಪ್ಪನ ಸ್ಥಿತಿ ಚಿಂತಾಜನಕ, ಕೂಡಲೇ ಹೊರಡು, ಎಂದು. ಅಪ್ಪ ಐದು ದಿನ ಬಾಗಿಲ ಕಡೆ ನೋಡುತ್ತ ಉಸಿರು ಹಿಡಿದಿದ್ದರು. ಶನಿವಾರ ಬೆಳಗಿನ ಜಾವ ಹೋದರು. ಹಿರಿಯ ಮಗ ಮಾಡಬೇಕಾದ ಕೆಲಸವನ್ನು ನಾನು ಮಾಡಿದೆ. ಅಣ್ಣ ಬಂದಿಳಿದದ್ದು ಹನ್ನೊಂದನೆಯ ದಿನ. "ರಜ ಸಿಗಲಿಲ್ಲ" ಎಂದ. ಅಮ್ಮ ನಂಬಿದಳು. ಊರವರು ನಂಬಿದಂತೆ ಮಾಡಿದರು. ನಾನು ನಂಬಲೂ ಇಲ್ಲ, ಕೇಳಲೂ ಇಲ್ಲ.

ಆಮೇಲೆ ಅವನು ಮಾಡದ್ದು ಏನು? ಇಬ್ಬರು ತಂಗಿಯರ ಮದುವೆ, ಸೋರುವ ಮನೆಗೆ ತಾರಸಿ, ಅಮ್ಮನ ಕಣ್ಣಿನ ಆಪರೇಷನ್ನು, ನನ್ನ ಮಗಳ ಓದು. ಹದಿನೈದು ದಿನಕ್ಕೊಂದು ನೀಲಿ ಏರೋಗ್ರಾಮು. ಫೋನು ಅಗ್ಗವಾದ ಮೇಲೆ ಪ್ರತಿ ಭಾನುವಾರ ಸಂಜೆ ಫೋನು. ಎಲ್ಲವನ್ನೂ ನಾನು ಜಮೆ ಮಾಡಿಕೊಂಡೆ, ರಸೀತಿಯನ್ನೂ ಕೊಟ್ಟೆ. ಆದರೆ ಪ್ರತಿ ಸಲವೂ ಶಿಲ್ಕು ತೆಗೆದಾಗ ಆ ಐದು ದಿನ ಎದುರಿಗೆ ಬಂದು ಕೂರುತ್ತಿತ್ತು. ಫೋನಿನಲ್ಲಿ ನನ್ನ ಮಾತು "ಹೂಂ", "ಸರಿ", "ಇಡಲೆ?" ಇಷ್ಟರಲ್ಲೇ ಮುಗಿಯುತ್ತಿತ್ತು.

2018ರ ಅಕ್ಟೋಬರಿನಲ್ಲಿ ಅಣ್ಣನ ಒತ್ತಾಯ ತಡೆಯಲಾರದೆ ನಾನೂ ನನ್ನಾಕೆಯೂ ಬಾಸ್ಟನ್ನಿಗೆ ಹೋದೆವು. ಒಂದು ದಿನ ಅವನು, "ನಿನಗೆ ಒಬ್ಬರ ಮನೆ ತೋರಿಸಬೇಕು ಬಾ" ಎಂದು ಕರೆದುಕೊಂಡು ಹೋದದ್ದು ಸಮುದ್ರದ ದಂಡೆಯ ಒಂದು ಬಿಳಿಯ ಕಟ್ಟಡಕ್ಕೆ. ಅಲ್ಲಿ ಜಾನ್ ಕೆನೆಡಿಯ ಹೆಸರಿನ ಗ್ರಂಥಾಲಯದ ಪಕ್ಕದಲ್ಲೇ ಎಡ್ವರ್ಡ್ ಕೆನೆಡಿಯ ಹೆಸರಿನ ಸಂಸ್ಥೆಯೊಂದಿದೆ, 2015ರಲ್ಲಿ ತೆರೆದದ್ದು. ಆತನ ವಿಗ್ರಹ ನಿಲ್ಲಿಸುವ ಬದಲು ಅಲ್ಲಿ ವಾಷಿಂಗ್ಟನ್ನಿನ ಸೆನೆಟಿನ ಸಭಾಂಗಣವನ್ನೇ ಅದೇ ಅಳತೆಯಲ್ಲಿ ಮತ್ತೆ ಕಟ್ಟಿಟ್ಟಿದ್ದಾರೆ. ನೂರು ಮೇಜು, ನೂರು ಕುರ್ಚಿ. ಶಾಲೆಯ ಮಕ್ಕಳು ಬಂದು ಕೂತು ಮಸೂದೆ ಮಂಡಿಸಿ, ವಾದಿಸಿ, ಮತ ಹಾಕಿ ಹೋಗುತ್ತಾರೆ. ನಾನೂ ಒಂದರಲ್ಲಿ ಕೂತೆ. ತಾಲ್ಲೂಕು ಖಜಾನೆಯ ಬೆತ್ತದ ಕುರ್ಚಿಯಿಂದ ಅಮೆರಿಕದ ಸೆನೆಟಿಗೆ ಬಂದೆನಲ್ಲ ಎಂದು ನಗು ಬಂತು.

ಅಣ್ಣ ಅಲ್ಲಿ ನನಗೆ ಆತನ ಕಥೆಯ ಉಳಿದ ಅರ್ಧವನ್ನು ಹೇಳಿದ. ನಾನು ಖಾತೆ ಮುಚ್ಚಿದ ಮೇಲಿನ ಅರ್ಧ.

ಆತನಿಗೆ ಅಧ್ಯಕ್ಷ ಪದವಿ ಬೇಕಾಗಿತ್ತು. ಜನವೂ ಅದು ಆತನಿಗೆ ಬರತಕ್ಕ ಪಿತ್ರಾರ್ಜಿತವೆಂದೇ ತಿಳಿದಿತ್ತು. 1979ರಲ್ಲಿ, ತನ್ನ ಪಕ್ಷದ ಅಧ್ಯಕ್ಷ ಕಾರ್ಟರನ ಎದುರಿಗೇ ನಿಲ್ಲಲು ಹೊರಟಾಗ, ಟೆಲಿವಿಷನ್ನಿನವನು ಒಂದು ಪ್ರಶ್ನೆ ಕೇಳಿದ: ನೀವು ಅಧ್ಯಕ್ಷರಾಗಲು ಇಷ್ಟಪಡುವುದು ಏಕೆ? ಗುಮಾಸ್ತೆಯ ಕೆಲಸಕ್ಕೆ ಬಂದ ಹುಡುಗನಿಗೂ ನಾವು ಕೇಳುವ ಪ್ರಶ್ನೆ. ಆತ ತಡವರಿಸಿದ. ನೆಟ್ಟಗೆ ಒಂದು ಉತ್ತರ ಬರಲಿಲ್ಲ. 1980ರಲ್ಲಿ ಸೋತ. ಸೋತ ಮೇಲೆ ಪಕ್ಷದ ಮಹಾಸಭೆಯಲ್ಲಿ ಮಾಡಿದ ಭಾಷಣವೇ ಆತನ ಜೀವಮಾನದ ಅತ್ಯುತ್ತಮ ಭಾಷಣವಂತೆ. ದೊಡ್ಡ ಪದವಿಯ ಆಸೆಯನ್ನು ಕೈಬಿಟ್ಟು ಸೆನೆಟಿಗೆ ಹಿಂತಿರುಗಿದವನು ಆಮೇಲೆ ಇನ್ನೂ ಇಪ್ಪತ್ತೊಂಬತ್ತು ವರ್ಷ ಅಲ್ಲೇ ದುಡಿದ.

ಹೇಗೆ ದುಡಿದ ಎಂಬುದು ಗುಮಾಸ್ತನಿಗೆ ರುಚಿಸುವ ಸಂಗತಿ. ಪ್ರತಿ ಸಂಜೆ ಆತನ ಕಚೇರಿಯವರು ಒಂದು ಚೀಲದಲ್ಲಿ ಅಂದಂದಿನ ಟಿಪ್ಪಣಿ, ವರದಿ, ಕಾಗದಪತ್ರಗಳನ್ನು ತುಂಬಿ ಕಳಿಸುತ್ತಿದ್ದರು. ರಾತ್ರಿ ಅಷ್ಟನ್ನೂ ಓದಿ, ಅಂಚಿನಲ್ಲಿ ಗೀಚಿ, ಬೆಳಗ್ಗೆ ಹಿಂದಕ್ಕೆ ತರುತ್ತಿದ್ದ. ಎದುರು ಪಕ್ಷದವರಲ್ಲಿ ಯಾರಿಗೆ ಯಾವ ವಿಷಯ ಮನಸ್ಸಿಗೆ ಹತ್ತಿರ ಎಂದು ತಿಳಿದುಕೊಂಡು ಅವರ ಬಾಗಿಲಿಗೆ ತಾನೇ ಹೋಗುತ್ತಿದ್ದ. ಯೂಟಾದ ಆರಿನ್ ಹ್ಯಾಚ್ ವಿಚಾರದಲ್ಲಿ ಆತನಿಗೆ ಉತ್ತರ ದಕ್ಷಿಣ. ಕುಡಿತ, ಸಿಗರೇಟು ಮುಟ್ಟದ ಮಡಿವಂತ. ಆ ಮಡಿವಂತನೊಡನೆ ಸೇರಿ 1997ರಲ್ಲಿ ಸಿಗರೇಟಿನ ಮೇಲೆ ತೆರಿಗೆ ಹಾಕಿಸಿ, ಆ ಹಣದಲ್ಲಿ ಬಡ ಮಕ್ಕಳಿಗೆ ಔಷಧೋಪಚಾರದ ವಿಮೆ ಮಾಡಿಸಿದ. 1994ರ ಚುನಾವಣೆಯಲ್ಲಿ ತನ್ನನ್ನು ಸೋಲಿಸಲು ನಿಂತು ತಾನೇ ಸೋತಿದ್ದ ಮಿಟ್ ರಾಮ್ನಿ ಮುಂದೆ ಅದೇ ಸಂಸ್ಥಾನದ ಗವರ್ನರನಾಗಿ 2006ರಲ್ಲಿ ಆರೋಗ್ಯ ವಿಮೆಯ ಕಾನೂನಿಗೆ ಸಹಿ ಹಾಕಿದಾಗ, ಪಕ್ಕದಲ್ಲಿ ನಗುತ್ತ ನಿಂತಿದ್ದವನು ಈತ.

ಆರೋಗ್ಯದ ಹಟ ಆತನಿಗೆ ಹತ್ತಿದ್ದಕ್ಕೂ ಕಾರಣವಿತ್ತು. 1973ರಲ್ಲಿ ಆತನ ಹನ್ನೆರಡು ವರ್ಷದ ಮಗನಿಗೆ ಮೂಳೆಯ ಕ್ಯಾನ್ಸರಾಗಿ ಒಂದು ಕಾಲನ್ನು ತೆಗೆಯಬೇಕಾಯಿತು. ಆಮೇಲೆ ಹೊಸ ಬಗೆಯ ಔಷಧದ ಚಿಕಿತ್ಸೆ. ಆಸ್ಪತ್ರೆಯ ಪಡಸಾಲೆಯಲ್ಲಿ ಬೇರೆ ಮಕ್ಕಳ ತಂದೆತಾಯಿಗಳೊಡನೆ ಕೂತಿದ್ದಾಗ, ಮನೆ ಮಾರಿದರೆ ಎಷ್ಟು ದಿನದ ಔಷಧ ಬಂದೀತು ಎಂದು ಅವರು ಲೆಕ್ಕ ಹಾಕುವುದನ್ನು ಕಿವಿಯಾರೆ ಕೇಳಿದ. ತನಗೆ ಆ ಲೆಕ್ಕವಿರಲಿಲ್ಲ, ದುಡ್ಡಿತ್ತು, ವಿಮೆಯಿತ್ತು. ಅದು ಆತನನ್ನು ಚುಚ್ಚಿತು. ಆದರೂ 1974ರಲ್ಲಿ ನಿಕ್ಸನ್ನನ ವಿಮಾ ಯೋಜನೆ ಸಾಲದೆಂದು ಹಟ ಹಿಡಿದು, ಕೈಗೆ ಬಂದದ್ದನ್ನು ಬಿಟ್ಟ. ಮುಂದೆ ಅದಕ್ಕಾಗಿ ಬಹಳ ಪರಿತಪಿಸಿದ. ಸಿಕ್ಕ ಅರ್ಧ ರೊಟ್ಟಿಯನ್ನು ಇಸಿದುಕೊಂಡು ಉಳಿದರ್ಧಕ್ಕೆ ನಾಳೆ ಬರುವ ವಿದ್ಯೆಯನ್ನು ಆತ ಕಲಿತದ್ದು ಹೀಗೆ.

ಹೀಗೆ ಅರ್ಧರ್ಧವಾಗಿ ಇಸಿದುಕೊಂಡದ್ದು ಎಷ್ಟೊಂದು! ದಕ್ಷಿಣ ಆಫ್ರಿಕದ ವರ್ಣದ್ವೇಷದ ಸರಕಾರಕ್ಕೆ ಬಿಸಿ ಮುಟ್ಟಿಸುವ ಕಾನೂನು, 1986ರಲ್ಲಿ, ಅಧ್ಯಕ್ಷ ರೇಗನ್ ತಡೆದರೂ ಬಿಡದೆ. 1990ರಲ್ಲಿ ಅಂಗವಿಕಲರ ಹಕ್ಕಿನ ಕಾನೂನು. ಗಾಲಿಕುರ್ಚಿಯವರು ಬಸ್ಸು ಹತ್ತುವುದನ್ನು ಬಾಸ್ಟನ್ನಿನಲ್ಲಿ ನಾನೇ ನೋಡಿದೆ. 1993ರಲ್ಲಿ ಇನ್ನೊಂದು: ಮನೆಯಲ್ಲಿ ಹೆರಿಗೆಯಾದರೆ, ತಂದೆತಾಯಿಗಳಿಗೆ ಕಾಯಿಲೆಯಾದರೆ, ನೌಕರನು ಹನ್ನೆರಡು ವಾರ ಸಂಬಳವಿಲ್ಲದೆ ರಜೆ ಪಡೆಯಬಹುದು, ಅವನ ಕೆಲಸಕ್ಕೆ ಚ್ಯುತಿ ಬರಕೂಡದು. ಆತ ಮತ್ತು ಆತನ ಕಚೇರಿ ಬರೆದ ಮಸೂದೆಗಳಲ್ಲಿ 300ಕ್ಕೂ ಹೆಚ್ಚು ಕಾನೂನಾದವಂತೆ. 2002ರಲ್ಲಿ ಇರಾಕಿನ ಯುದ್ಧಕ್ಕೆ ಬೇಡವೆಂದ 23 ಜನ ಸೆನೆಟರುಗಳಲ್ಲಿ ಒಬ್ಬ. ತಾನು ಹಾಕಿದ ಮತಗಳಲ್ಲೆಲ್ಲ ಅದೇ ಉತ್ತಮ ಎನ್ನುತ್ತಿದ್ದ.

ಹಾಗೆಂದು ಆತ ಋಷಿಯಾಗಿಬಿಡಲಿಲ್ಲ. ಕುಡಿತವೂ ಚಪಲವೂ ಬಹಳ ಕಾಲ ಬೆನ್ನಿಗಿದ್ದವು. 1991ರಲ್ಲಿ ಹಾರ್ವರ್ಡಿನಲ್ಲೇ ಸಭೆಯ ಮುಂದೆ ನಿಂತು, ನನ್ನ ಖಾಸಗಿ ಬದುಕಿನ ತಪ್ಪುಗಳು ನನ್ನವೇ, ಅವನ್ನು ಎದುರಿಸಬೇಕಾದವನೂ ನಾನೇ ಎಂಬರ್ಥದ ಮಾತು ಹೇಳಬೇಕಾಯಿತು. 2008ರ ಮೇ ತಿಂಗಳಲ್ಲಿ ಮಿದುಳಿನಲ್ಲಿ ಗೆಡ್ಡೆಯೆಂದು ತಿಳಿಯಿತು. ಜುಲೈ 9ರಂದು, ಮುದುಕರ ಔಷಧೋಪಚಾರದ ಮಸೂದೆಗೆ ಒಂದು ಮತ ಸಾಲದೆಂದು, ಚಿಕಿತ್ಸೆಯ ನಡುವೆ ಎದ್ದುಬಂದು ಸೆನೆಟಿನಲ್ಲಿ ಮತ ಹಾಕಿದ. ಎರಡೂ ಪಕ್ಷದವರು ಎದ್ದುನಿಂತು ಚಪ್ಪಾಳೆ ತಟ್ಟಿದರು. 2009ರ ಆಗಸ್ಟ್ 25ರಂದು, 77ನೆಯ ವಯಸ್ಸಿನಲ್ಲಿ, ಕಡಲ ತಡಿಯ ತನ್ನ ಮನೆಯಲ್ಲಿ ತೀರಿಕೊಂಡ. ನಾಲ್ವರು ಗಂಡುಮಕ್ಕಳಲ್ಲಿ ಮುದುಕನಾಗಿ ಮನೆಯಲ್ಲಿ ಸತ್ತವನು ಆ ಕೊನೆಯವನೊಬ್ಬನೇ. ನಮ್ಮಮ್ಮ ಇದ್ದಿದ್ದರೆ ಅಷ್ಟಕ್ಕಾದರೂ ಸಮಾಧಾನ ಪಡುತ್ತಿದ್ದಳು. ಜೀವಮಾನವೆಲ್ಲ ಬೆನ್ನುಹತ್ತಿದ ಆರೋಗ್ಯ ವಿಮೆಯ ದೊಡ್ಡ ಕಾನೂನಿಗೆ ಸಹಿ ಬಿದ್ದದ್ದು ಏಳು ತಿಂಗಳ ಬಳಿಕ, 2010ರ ಮಾರ್ಚ್ 23ರಂದು.

ಇಷ್ಟು ಕೇಳಿಕೊಂಡು ನಾವು ಹೊರಗೆ ಬಂದು ಕಡಲಿಗೆ ಎದುರಾದ ಕಲ್ಲುಬೆಂಚಿನ ಮೇಲೆ ಕೂತೆವು. ಅತ್ತಿಗೆ ಫ್ಲಾಸ್ಕಿನಲ್ಲಿ ಕಾಫಿ ಹಾಕಿಕೊಟ್ಟಿದ್ದರು. ನನ್ನಾಕೆ ದೂರದಲ್ಲಿ ಕೆಂಪೆಲೆ ಆರಿಸುತ್ತಿದ್ದಳು. ಎಲ್ಲ ಸರಿ, ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಏನು ಮಾಡಿದರೇನು ಅಣ್ಣ? ಹತ್ತು ಗಂಟೆ! ಒಂದು ಹೆಣ್ಣುಮಗಳು ನೀರಲ್ಲಿದ್ದಾಳೆ, ಇವನು ಹತ್ತು ಗಂಟೆ ಬಾಯಿ ಬಿಡದೆ ಕೂತ. ಮನುಷ್ಯ ಹಾಗೆ ಕೂರುವುದುಂಟೆ?" ಎಂದೆ.

ಅಣ್ಣ ಬಹಳ ಹೊತ್ತು ಕಡಲನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ: "ಉಂಟು ಕಣೋ. ಕೂರುತ್ತಾನೆ. ನಿನ್ನ ಟೆಲಿಗ್ರಾಮು ನನಗೆ ಮಂಗಳವಾರ ಸಂಜೇನೇ ಸಿಕ್ಕಿತು. ರಜ ಸಿಗಲಿಲ್ಲ ಅಂದೆನಲ್ಲ, ನಾನು ರಜ ಕೇಳಲೇ ಇಲ್ಲ. ಮೂರು ದಿನ ಅದನ್ನ ಜೇಬಲ್ಲಿಟ್ಟುಕೊಂಡು ಆಫೀಸಿಗೆ ಹೋಗಿ ಬಂದೆ. ಕೆಲಸ ಹೋದೀತು ಅಂತ ಹೆದರಿಕೆಯೋ, ಅಪ್ಪನ್ನ ಆ ಸ್ಥಿತೀಲಿ ನೋಡೋ ಹೆದರಿಕೆಯೋ, ಇವತ್ತಿಗೂ ಗೊತ್ತಿಲ್ಲ. ಎರಡನೇ ಟೆಲಿಗ್ರಾಮು ಬಂದ ಮೇಲೆ ಕಾಲು ಬಂತು."

ನಾನು ಏನೂ ಹೇಳಲಿಲ್ಲ. ನಲವತ್ತನಾಲ್ಕು ವರ್ಷ ಈ ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಕಾದಿದ್ದೆ. ಕೇಳಿದಾಗ ಗೆದ್ದಂತಾಗಲಿಲ್ಲ. ಎಪ್ಪತ್ತೈದು ವರ್ಷದ ಮುದುಕನೊಬ್ಬ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾನೆ. ಅವನ ಕೈ ಸ್ವಲ್ಪ ನಡುಗುತ್ತಿದೆ. "ಗಾಳಿ ಜಾಸ್ತಿಯಾಯಿತು, ಏಳೋಣ" ಎಂದ. ಎದ್ದೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಖಜಾನೆಯ ಒಂದು ಕಟ್ಟುನಿಟ್ಟು ನೆನಪಾಯಿತು. ನಮ್ಮಲ್ಲಿ ಬರೆದ ಅಂಕಿಯನ್ನು ಅಳಿಸಕೂಡದು, ಕೆರೆಯಕೂಡದು, ಅದರ ಮೇಲೆಯೇ ತಿದ್ದಕೂಡದು. ತಪ್ಪಾದರೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಕೆಳಗಿನ ಹಳೆಯ ಅಂಕಿ ಓದುವಂತೆಯೇ ಉಳಿಯಬೇಕು. ಮೂರು ನೂರು ಕಾನೂನು ಮಾಡಿದರೂ ಚಾಪಕ್ವಿಡಿಕ್ಕಿನ ರಾತ್ರಿ ಅಳಿಯುವುದಿಲ್ಲ. ಆ ಕಾನೂನುಗಳ ಒಂದು ಕಾಸೂ ಮೇರಿ ಜೋ ಕೊಪೆಕ್ನಿಯ ಲೆಕ್ಕಕ್ಕೆ ಹೋಗಲಿಲ್ಲ. ಅವಳ ಪುಸ್ತಕ 28ಕ್ಕೇ ಮುಗಿಯಿತು. ಅದನ್ನು ಮರೆತು ಆತನನ್ನು ಹೊಗಳುವವರ ಜೊತೆ ನಾನು ಇಂದಿಗೂ ಸೇರಲಾರೆ.

ಆದರೆ ಇನ್ನೊಂದು ಕಟ್ಟಳೆಯನ್ನು ನಾನೇ ಮರೆತಿದ್ದೆ. ದಿನದ ಕೊನೆಗೆ ನಾವು ಬರೆಯುವ ಆಖೈರು ಶಿಲ್ಕು ಮರುದಿನದ ಪುಟದ ತಲೆಯ ಮೇಲೆ ಆರಂಭ ಶಿಲ್ಕಾಗಿ ಹೋಗಿ ಕೂರುತ್ತದೆ. ಎಷ್ಟು ಕೊರತೆಯಿದ್ದರೂ ಪುಸ್ತಕ ಮುಚ್ಚಿ ಮನೆಗೆ ಹೋಗುವಂತಿಲ್ಲ. ಆ ಕೊರತೆಯನ್ನೇ ಹೊತ್ತುಕೊಂಡು ಮರುದಿನದ ಬಾಗಿಲು ತೆರೆಯಬೇಕು. ಕೆನೆಡಿ ಆ ಜುಲೈ ತಿಂಗಳ ಶಿಲ್ಕನ್ನು ಹೊತ್ತುಕೊಂಡು ನಲವತ್ತು ವರ್ಷ ಪ್ರತಿ ರಾತ್ರಿ ಚೀಲದ ಕಾಗದ ಓದಿದ. ಅಣ್ಣ ತನ್ನ ಮೂರು ದಿನಗಳನ್ನು ಹೊತ್ತುಕೊಂಡು ಪ್ರತಿ ಭಾನುವಾರ ಫೋನು ಮಾಡಿದ. ನಾನು ಮಾತ್ರ, ಲೆಕ್ಕ ಬಲ್ಲವನು, ಇಬ್ಬರ ಪುಸ್ತಕವನ್ನೂ ಅಂದೇ ಮುಚ್ಚಿ ಬೀಗ ಹಾಕಿಟ್ಟಿದ್ದೆ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಅವನ ಫೋನು ಬರುವುದಕ್ಕೆ ಮೊದಲೇ ನಾನೇ ಅವನಿಗೆ ಫೋನು ಮಾಡಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಆ ಕಡೆ ಅಣ್ಣ ಗಾಬರಿಬಿದ್ದ. "ಏನೋ, ಏನಾಯ್ತೋ? ಯಾರಿಗೆ ಏನಾಯ್ತು?" ಎಂದ.

"ಯಾರಿಗೂ ಏನೂ ಆಗಿಲ್ಲ ಅಣ್ಣ, ಸುಮ್ಮನೆ ಮಾಡಿದೆ" ಎಂದೆ.